ಮಳೆ ರಜೆಗೂ ಮಾಗಿ ಚಳಿಗೂ ಆಯಿಲ್ ಹೀಟರ್: ಮಲೆನಾಡಿನ ಮನೆಗೆ ಎಷ್ಟು ಸರಿ?

ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಆರ್‌ಸಿಸಿ ಅಥವಾ ಮರದ ಮುಚ್ಚಿಗೆ ಇರುವ ಒಂದು ಕೋಣೆ, ಸರಿಯಾಗಿ ಮುಚ್ಚುವ ಬಾಗಿಲು, ಗೋಡೆಯಲ್ಲಿ ಗಟ್ಟಿಯಾದ ಪವರ್ ಪ್ಲಗ್ ಇದ್ದು, ಮನೆಯಲ್ಲಿ ವಯಸ್ಸಾದವರೋ ಬಾಣಂತಿಯೋ ಎಳೆಕೂಸೋ ಇದ್ದರೆ ಒಂಬತ್ತು ಫಿನ್‌ನ (ಬಿಸಿ ಸೂಸುವ ತಗಡಿನ ಹಲಗೆಯ) ಆಯಿಲ್ ಹೀಟರ್ ಧೈರ್ಯವಾಗಿ ಕೊಳ್ಳಿ. ಮುಚ್ಚಿಗೆ ಇಲ್ಲದ ಹೆಂಚಿನ ಮನೆ, ಸಂಜೆಯಾದರೆ ಬಲ್ಬು ಮಂಕಾಗುವ ಲೈನು ನಿಮ್ಮದಾಗಿದ್ದರೆ ಈಗಲೇ ಬೇಡ. ಆ ದುಡ್ಡನ್ನು ಮೊದಲು ಸೂರಿಗೆ, ವೈರಿಂಗ್‌ಗೆ ಹಾಕಿ.

ಇದು ಶಿಮ್ಲಾ, ಮನಾಲಿಯಂಥ ಹಿಮ ಬೀಳುವ ಊರುಗಳಲ್ಲಿ ಮನೆಮನೆಗೂ ಗೊತ್ತಿರುವ ಯಂತ್ರ. ಅಲ್ಲಿ ಹಿಮ ಬಿದ್ದು ಶಾಲೆ ಮುಚ್ಚಿದರೆ ಮನೆಯವರೆಲ್ಲ ಒಂದು ಕೋಣೆ ಸೇರಿ ಹೀಟರ್ ಹಚ್ಚುತ್ತಾರೆ. ಹಾಸನ, ಚಿಕ್ಕಮಗಳೂರಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಪುನರ್ವಸು, ಪುಷ್ಯ ಮಳೆ ಹಿಡಿದು ಡಿಸಿ ರಜೆ ಘೋಷಿಸಿದ ದಿನ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಮನೆಗಳಲ್ಲಿ ನಡೆಯುವುದೂ ಅದೇ. ಮಕ್ಕಳು ಮನೆಯಲ್ಲಿ, ಬಟ್ಟೆ ಹಗ್ಗದ ಮೇಲೆ, ಅಜ್ಜಿ ಕಂಬಳಿಯೊಳಗೆ. ಡಿಸೆಂಬರ್ ಬಂದರೆ ಇನ್ನೊಂದು ಸುತ್ತು: ಬೆಳಗಿನ ಜಾವ 12ರಿಂದ 15 ಡಿಗ್ರಿ, ಬಯಲಲ್ಲಿ ಇಬ್ಬನಿ. ಈ ಎರಡು ಚಳಿಗಳ ಸ್ವಭಾವವೇ ಬೇರೆ. ಮಾಗಿಯದು ಒಣ ಚಳಿ, ಹೀಟರ್ ಮಾತು ಕೇಳುತ್ತದೆ. ಆಷಾಢದ ಚಳಿಯಲ್ಲಿ ಥರ್ಮಾಮೀಟರ್ 18–20 ಡಿಗ್ರಿ ತೋರಿಸುತ್ತಿದ್ದರೂ ಮೈ ನಡುಗುತ್ತದೆ. ಅಲ್ಲಿ ನಮ್ಮನ್ನು ಕಾಡುವುದು ಥಂಡಿ, ಅಂದರೆ ಗಾಳಿಯಲ್ಲಿನ ತೇವ. ಅಂಗಡಿಯವರು ಹೀಟರ್ ತೋರಿಸುವಾಗ ಈ ವ್ಯತ್ಯಾಸ ಹೇಳುವುದಿಲ್ಲ, ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಯಂತ್ರದ ಒಳಗೆ ಹೆಚ್ಚೇನೂ ಇಲ್ಲ. ತಗಡಿನ ಫಿನ್‌ಗಳ ಸಾಲಿನೊಳಗೆ ಎಣ್ಣೆ, ಅದರ ತಳದಲ್ಲಿ ಹೀಟಿಂಗ್ ಕಾಯಿಲ್, ಪಕ್ಕದಲ್ಲಿ, ಬಿಸಿ ಹದಕ್ಕೆ ಬಂದಾಗ ಕರೆಂಟ್ ಕಡಿದು ಇಳಿದಾಗ ಮತ್ತೆ ಹಚ್ಚುವ ಥರ್ಮೋಸ್ಟ್ಯಾಟ್. ಎಣ್ಣೆ ಉರಿಯುವುದಿಲ್ಲ, ಖರ್ಚಾಗುವುದಿಲ್ಲ, ಮತ್ತೆ ತುಂಬಿಸುವ ಮಾತೂ ಇಲ್ಲ. ಕಾಯಿಲ್‌ನ ಬಿಸಿ ಎಣ್ಣೆಗೆ, ಎಣ್ಣೆಯಿಂದ ಫಿನ್‌ಗೆ, ಅಲ್ಲಿಂದ ಕೋಣೆಯ ಗಾಳಿಗೆ. ಹಾಗಾಗಿ ಕೈಗೆ ಬಿಸಿ ತಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಸದ್ದಿಲ್ಲ, ಕಣ್ಣು ಕುಕ್ಕುವ ಬೆಳಕಿಲ್ಲ, ಕರೆಂಟ್ ಹೋದಮೇಲೂ ಅರ್ಧ ಗಂಟೆಯಷ್ಟು ಬೆಚ್ಚಗಿರುತ್ತದೆ. ಮಲಗುವ ಕೋಣೆಗೆ ಬೇರೆ ಯಾವ ಹೀಟರ್‌ಗಿಂತಲೂ ಇದೇ ಹೊಂದುವುದು.

ಒಂಬತ್ತು ಫಿನ್‌ನವು ಸಾಮಾನ್ಯವಾಗಿ 2000 ವ್ಯಾಟ್, ಹನ್ನೊಂದು ಫಿನ್‌ನವು 2500 ವ್ಯಾಟ್. ಮುಂದೆ ಸಣ್ಣ ಫ್ಯಾನ್ ಇರುವ ಮಾಡೆಲ್ ಆದರೆ ಇನ್ನೊಂದು 400 ವ್ಯಾಟ್ ಸೇರುತ್ತದೆ. 10×12 ಅಡಿಯ ಕೋಣೆಗೆ ಒಂಬತ್ತು ಫಿನ್ ಧಾರಾಳ ಸಾಕು. ಬೆಲೆ ಸುಮಾರು ಎಂಟರಿಂದ ಹನ್ನೆರಡು ಸಾವಿರ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಎರಡು ಸಾವಿರದ ಫ್ಯಾನ್ ಹೀಟರ್ ಆಗಲಿ, ಹನ್ನೆರಡು ಸಾವಿರದ ಆಯಿಲ್ ಹೀಟರ್ ಆಗಲಿ, 2000 ವ್ಯಾಟ್ ಎಂದಮೇಲೆ ಕೊಡುವ ಬಿಸಿಯೂ ಒಂದೇ, ಗಂಟೆಗೆ ತಿನ್ನುವ ಎರಡು ಯೂನಿಟ್ಟೂ ಒಂದೇ. ‘ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಿಸಿ’ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಹೆಚ್ಚಿನ ದುಡ್ಡು ಹೋಗುವುದು ನಿಶ್ಶಬ್ದಕ್ಕೆ, ಸುರಕ್ಷತೆಗೆ, ಹದವಾಗಿ ನಿಲ್ಲುವ ಬಿಸಿಗೆ.

ಇನ್ನು ಮನೆಯ ವಿಚಾರ. ಮೇಲೆ ಹೇಳಿದ ಕೋಣೆಗೆ ಹತ್ತಡಿ ಎತ್ತರ ಹಿಡಿದರೆ ಒಳಗಿರುವ ಗಾಳಿ ಸುಮಾರು 34 ಘನ ಮೀಟರ್. ಆ ಗಾಳಿಯನ್ನಷ್ಟೇ ಆರು ಡಿಗ್ರಿ ಏರಿಸಲು ಬೇಕಾಗುವುದು ಒಂದು ಯೂನಿಟ್ಟಿನ ಹದಿನಾಲ್ಕನೇ ಒಂದು ಪಾಲು, ಅಂದರೆ 0.07 ಯೂನಿಟ್. ಹಾಗಿದ್ದರೆ ಹೀಟರ್ ಯಾಕೆ ಗಂಟೆಗಟ್ಟಲೆ ಉರಿಯಬೇಕು? ಉಳಿದ ಬಿಸಿಯನ್ನೆಲ್ಲ ಗೋಡೆ ಕುಡಿಯುತ್ತದೆ, ನೆಲ ಕುಡಿಯುತ್ತದೆ, ಹೆಂಚಿನ ಸಂದಿ ಹೊರಗೆ ಬಿಡುತ್ತದೆ. ಒಂದೂವರೆ ಅಡಿಯ ಮಣ್ಣಿನ ಗೋಡೆ ಬೆಚ್ಚಗಾಗಲು ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ಹೆಂಚಿನ ಕೆಳಗೆ ಮುಚ್ಚಿಗೆ ಇಲ್ಲದಿದ್ದರೆ ಬಿಸಿಗಾಳಿ ನೇರವಾಗಿ ಮೇಲೇರಿ ಹೆಂಚಿನ ಸಂದಿಯಲ್ಲಿ ಹೋಗುತ್ತದೆ, ಬಾಗಿಲ ಕೆಳಗಿಂದ ತಣ್ಣನೆ ಗಾಳಿ ಅದರ ಜಾಗಕ್ಕೆ ಬರುತ್ತದೆ. ಹೀಟರ್ ಜೋರಾದಷ್ಟೂ ಈ ಓಟವೂ ಜೋರಾಗುತ್ತದೆ. ಕೂತವರ ಕಾಲು ಮಾತ್ರ ತಣ್ಣಗೇ ಇರುತ್ತದೆ.

ಆದ್ದರಿಂದ ಹೀಟರ್ ಹಚ್ಚುವ ಮುಂಚೆ ಬಾಗಿಲ ತಳದ ಸಂದಿಗೆ ಉದ್ದನೆಯ ಬಟ್ಟೆ ಚೀಲದಲ್ಲಿ ಒಣ ಭತ್ತದ ಹೊಟ್ಟು ತುಂಬಿ ಒತ್ತಿ ಇಡಿ. ಕಿಟಕಿ ಚೌಕಟ್ಟಿಗೆ ಫೋಮ್ ಟೇಪ್ ಅಂಟಿಸಿ. ರೆಡ್ ಆಕ್ಸೈಡ್ ನೆಲದ ಮೇಲೆ ಚಾಪೆ, ಅದರ ಮೇಲೆ ಜಮಖಾನ. ವೆಂಟಿಲೇಟರ್‌ಗಳಲ್ಲಿ ಒಂದನ್ನು ಮಾತ್ರ ತೆರೆದಿಡಿ. ನಾಲ್ಕೈದು ಜನ ಉಸಿರಾಡುವ ಕೋಣೆಯನ್ನು ಡಬ್ಬಿಯಂತೆ ಮುಚ್ಚಬಾರದು. ಇಷ್ಟು ಮಾಡಿದ ಕೋಣೆಗೂ ಮಾಡದ ಕೋಣೆಗೂ ಇರುವ ಅಂತರ, ಒಂಬತ್ತು ಫಿನ್‌ಗೂ ಹನ್ನೊಂದು ಫಿನ್‌ಗೂ ಇರುವ ಅಂತರಕ್ಕಿಂತ ದೊಡ್ಡದು.

ಈಗ ಕರೆಂಟು. ಮಲೆನಾಡಿನಲ್ಲಿ ಈ ಯಂತ್ರ ಸೋಲುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ.

2000 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ 8.7 ಆಂಪ್ಸ್ ಎಳೆಯುತ್ತದೆ. ಟಿವಿ, ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ಟಿನ ತಾಕತ್ತು 6 ಆಂಪ್ಸ್. ಹೀಟರ್‌ಗೆ 16 ಆಂಪ್ಸ್‌ನ ದೊಡ್ಡ ಸಾಕೆಟ್ಟೇ ಬೇಕು, ಅದಕ್ಕೆ ಬೋರ್ಡಿನಿಂದ ಪ್ರತ್ಯೇಕವಾಗಿ 2.5 ಚದರ ಮಿ.ಮೀ. ತಾಮ್ರದ ವೈರ್, ಲೋಡ್ ಮೀರಿದರೆ ತಾನೇ ಆಫ್ ಆಗುವ 16 ಆಂಪ್ಸ್ ಎಂಸಿಬಿ, ಅರ್ಥಿಂಗ್. ಲೈನು ದೂರದ್ದಾದರೆ 4 ಚದರ ಮಿ.ಮೀ. ಹಾಕಿಸಿ. ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಶನ್ ಪ್ಲಗ್, ಎಕ್ಸ್‌ಟೆನ್ಶನ್ ಬಾಕ್ಸ್ ಎರಡೂ ಬೇಡ. ಮಿಕ್ಸಿಗೆ ನಡೆಯುತ್ತದಲ್ಲ ಎನ್ನುತ್ತಾರೆ. ಮಿಕ್ಸಿ ಓಡುವುದು ಐದು ನಿಮಿಷ; ಹೀಟರ್ ಐದಾರು ಗಂಟೆ ಒಂದೇ ಸಮನೆ ಎಳೆಯುತ್ತದೆ. ಮರದ ಪಟ್ಟಿಯ ಮೇಲೆ ಓಡಿಸಿದ ಹಳೆಯ ವೈರಿಂಗ್ ಇರುವ ಮನೆಯವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ನಮ್ಮ ಕಡೆಯ ಇನ್ನೊಂದು ಕಾಟ ಕಿಲುಬು. ಮಳೆಗಾಲದ ಥಂಡಿಗೆ ಸಾಕೆಟ್ಟಿನೊಳಗಿನ ಹಿತ್ತಾಳೆ ಹಸಿರುಗಟ್ಟುತ್ತದೆ, ಪಿನ್ನಿಗೆ ಸರಿಯಾಗಿ ತಾಗುವುದಿಲ್ಲ, ತಾಗದ ಜಾಗ ಕಾಯುತ್ತದೆ. ಹೀಟರ್ ಒಂದು ಗಂಟೆ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿ. ಪಿನ್ ಬೆರಳಿಗೆ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿಯಲಾರದಷ್ಟು ಸುಡುತ್ತಿದ್ದರೆ, ಮೂರು ಪಿನ್‌ಗಳಲ್ಲಿ ಒಂದು ಮಾತ್ರ ಕಂದಿದ್ದರೆ, ಸಾಕೆಟ್ಟಿನ ಆ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿದ್ದರೆ ಅವತ್ತೇ ಸಾಕೆಟ್ ಬದಲಾಯಿಸಿ. ಕಮಟು ಮೀನಿನಂಥ ವಾಸನೆ ಬಂದರೆ ಅದು ಅಡುಗೆಮನೆಯದಲ್ಲ, ಕಾಯುತ್ತಿರುವ ಪ್ಲಾಸ್ಟಿಕ್ಕಿನದು. ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ.

ವೋಲ್ಟೇಜ್ ಇಳಿದರೆ ಹೀಟರ್ ಕೆಡುವುದಿಲ್ಲ, ಆದರೆ ಬಿಸಿ ನಾವೆಣಿಸಿದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಬಿಸಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ತಗ್ಗುವುದರಿಂದ 200 ವೋಲ್ಟಿಗೆ 2000 ವ್ಯಾಟ್ ಸುಮಾರು 1500 ಆಗುತ್ತದೆ, 180 ವೋಲ್ಟಿಗೆ 1225. ತೋಟದ ಮನೆಗಳಲ್ಲಿ ಸಂಜೆ ಪಂಪ್‌ಸೆಟ್ ಶುರುವಾದಾಗ ‘ಹೀಟರ್ ಕೆಟ್ಟಿದೆ’ ಎಂದು ಬರುವ ದೂರಿನ ಮೂಲ ಬಹಳ ಸಲ ಇದೇ. ಇನ್ವರ್ಟರ್‌ನಲ್ಲಿ ಓಡಿಸುವ ಆಸೆ ಬೇಡ. 150 ಎಎಚ್‌ನ ಒಂದು ಬ್ಯಾಟರಿಯಲ್ಲಿ ಲೆಕ್ಕಕ್ಕೆ ಇರುವುದೇ 1.8 ಯೂನಿಟ್, ಮನೆಯ ಸಾಮಾನ್ಯ ಇನ್ವರ್ಟರ್‌ಗೆ 2000 ವ್ಯಾಟ್ ಹೊರುವ ಶಕ್ತಿಯೂ ಇಲ್ಲ. ಗಾಳಿಮಳೆಗೆ ಮರ ಬಿದ್ದು ಲೈನು ಹರಿದ ದಿನ, ಅಂದರೆ ಬೆಚ್ಚಗಿರುವುದು ಅತಿ ಅಗತ್ಯವಾದ ದಿನವೇ, ಈ ಹೀಟರ್ ಸುಮ್ಮನೆ ಕೂರುತ್ತದೆ. ಆದ್ದರಿಂದ ಹೀಟರ್ ಬಂತೆಂದು ಬಚ್ಚಲ ಒಲೆ ಕೆಡವಬೇಡಿ, ಕಂಬಳಿಗಳನ್ನು ಯಾರಿಗೂ ಕೊಟ್ಟುಬಿಡಬೇಡಿ. ಇನ್ನೂರು-ಮುನ್ನೂರು ರೂಪಾಯಿಯ ರಬ್ಬರಿನ ಬಿಸಿನೀರಿನ ಚೀಲ ಎರಡು ಇಟ್ಟುಕೊಳ್ಳಿ. ಮೂರರಲ್ಲಿ ಎರಡು ಪಾಲು ತುಂಬಿ, ಒಳಗಿನ ಗಾಳಿ ಒತ್ತಿ ತೆಗೆದು ಬಿರಡೆ ಹಾಕಿ, ಟವಲ್ ಸುತ್ತಿ ಕೊಡಿ. ಕುದಿಯುವ ನೀರು ಮಾತ್ರ ಸುರಿಯಬಾರದು. ರಬ್ಬರ್ ಬೇಗ ಬಿರಿಯುತ್ತದೆ.

ಕರೆಂಟ್ ಹೀಗೆ ಹೋಗಿಬರುವ ಕಾರಣಕ್ಕೇ ಡಿಜಿಟಲ್ ರಿಮೋಟ್ ಮಾಡೆಲ್‌ಗಿಂತ ತಿರುಗಿಸುವ ಗುಬ್ಬಿಯ ಮಾಡೆಲ್ ಇಲ್ಲಿಗೆ ಒಳ್ಳೆಯದು. ಕರೆಂಟ್ ಹೋಗಿ ಬಂದಾಗ ಡಿಜಿಟಲ್‌ನವು ಸಾಮಾನ್ಯವಾಗಿ ಆಫ್ ಆಗಿಯೇ ಉಳಿಯುತ್ತವೆ. ನಡುರಾತ್ರಿ ಎದ್ದು ಮತ್ತೆ ಒತ್ತಬೇಕು. ಗುಬ್ಬಿಯವು ತಾವಾಗಿಯೇ ಮುಂದುವರಿಯುತ್ತವೆ. ಇಪ್ಪತ್ತನಾಲ್ಕು ಗಂಟೆಯ ಮೆಕ್ಯಾನಿಕಲ್ ಟೈಮರ್ ಇದ್ದರೆ ನೆನಪಿಡಿ: ಕರೆಂಟ್ ಎರಡು ಗಂಟೆ ಇಲ್ಲದಿದ್ದರೆ ಟೈಮರೂ ಎರಡು ಗಂಟೆ ನಿಂತಿರುತ್ತದೆ, ಬೆಳಿಗ್ಗೆ ಐದಕ್ಕೆ ಹತ್ತಬೇಕಾದ ಹೀಟರ್ ಏಳಕ್ಕೆ ಹತ್ತುತ್ತದೆ.

ಬಿಲ್ಲಿನ ಲೆಕ್ಕ. ಮೊದಲ ಒಂದು ಗಂಟೆ ಪೂರ್ತಿ 2000ದಲ್ಲಿ ಓಡಿಸಿ, ಮುಂದಿನ ಐದು ಗಂಟೆ 1200ಕ್ಕೆ ಇಳಿಸಿ, ಥರ್ಮೋಸ್ಟ್ಯಾಟ್ ಅರ್ಧ ಹೊತ್ತು ಕಟ್ ಮಾಡುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಐದು ಯೂನಿಟ್. ತಿಂಗಳಲ್ಲಿ ಇಪ್ಪತ್ತು ದಿನ ಹಚ್ಚಿದರೆ ನೂರು ಯೂನಿಟ್. ಯೂನಿಟ್ಟಿಗೆ ಎಲ್ಲ ಸೇರಿ ಏಳು ರೂಪಾಯಿಯಂತೆ ಹಿಡಿದರೆ ಏಳುನೂರು. ಇದು ದೊಡ್ಡ ಮೊತ್ತವಲ್ಲ ಅನ್ನಿಸಬಹುದು. ಆದರೆ ಗೃಹಜ್ಯೋತಿಯಲ್ಲಿರುವ ಮನೆಗೆ ಲೆಕ್ಕವೇ ಬೇರೆ. ಸಾಮಾನ್ಯವಾಗಿ 120 ಯೂನಿಟ್ ಉರಿಸುವ ಮನೆ ಆ ತಿಂಗಳು 220ಕ್ಕೆ ಹೋಗುತ್ತದೆ. 200ರ ಗೆರೆ ದಾಟಿತೆಂದರೆ ಹೆಚ್ಚುವರಿ ಇಪ್ಪತ್ತಕ್ಕಲ್ಲ, ಪೂರ್ತಿ 220ಕ್ಕೂ ಬಿಲ್ ಕಟ್ಟಬೇಕು. ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಹಾಸನದವರಿಗೆ ಸೆಸ್ಕ್, ನಿಯಮ ಇಬ್ಬರಿಗೂ ಒಂದೇ. ತಿಂಗಳ ನಡುವೆ ಒಮ್ಮೆ ಮೀಟರ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗೀಸರ್ ಮತ್ತು ಹೀಟರ್ ಒಟ್ಟಿಗೆ ಹಾಕುವವರು ಬಿಲ್ಲಿನಲ್ಲಿ ಬರೆದಿರುವ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದೂ ನೋಡಿಕೊಳ್ಳಬೇಕು.

ಮಳೆಗಾಲದಲ್ಲಿ ಹೀಟರ್ ಕೊಳ್ಳುವವರ ಮನಸ್ಸಿನಲ್ಲಿ ನಿಜವಾಗಿ ಇರುವುದು ಬಟ್ಟೆ. ಶಾಲೆಯ ಯೂನಿಫಾರ್ಮ್, ಮಗುವಿನ ಲಂಗೋಟಿ, ಮೂರು ದಿನವಾದರೂ ಆರದ ಜೀನ್ಸ್. ಇದಕ್ಕೆ ಹೀಟರ್ ಆದೀತು, ಆದರೆ ಅದು ಏನು ಮಾಡುತ್ತದೆ ಎಂಬುದನ್ನು ತಿಳಿದು ಬಳಸಬೇಕು. 18 ಡಿಗ್ರಿಯಲ್ಲಿ 95 ಪರ್ಸೆಂಟ್ ತೇವ ಇರುವ ಕೋಣೆಯನ್ನು 23 ಡಿಗ್ರಿಗೆ ಏರಿಸಿದರೆ ತೇವ 70 ಪರ್ಸೆಂಟಿಗೆ ಇಳಿಯುತ್ತದೆ. ಗಾಳಿಯಲ್ಲಿದ್ದ ನೀರು ಎಲ್ಲಿಗೂ ಹೋಗಿಲ್ಲ, ಬಿಸಿಗಾಳಿಗೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಬಂದಿದೆ ಅಷ್ಟೇ. ಆ ಶಕ್ತಿಯೇ ಬಟ್ಟೆ ಒಣಗಿಸುವುದು. ವಾಷಿಂಗ್ ಮೆಷಿನ್‌ನಲ್ಲಿ ಹಿಂಡಿ ಬಂದ ಐದು ಕೆಜಿ ಬಟ್ಟೆಯಲ್ಲಿ ಎರಡೂವರೆ ಲೀಟರ್‌ನಷ್ಟು ನೀರು ಉಳಿದಿರುತ್ತದೆ. ಅದನ್ನು ಆವಿ ಮಾಡಲು ಕನಿಷ್ಠ 1.7 ಯೂನಿಟ್ ಬೇಕು, ಗೋಡೆ ಕುಡಿಯುವ ಬಿಸಿ ಸೇರಿದರೆ ಅದರ ಎರಡು-ಮೂರು ಪಟ್ಟು.

ಆ ಎರಡೂವರೆ ಲೀಟರ್ ಹೊರಗೆ ಹೋಗಲು ದಾರಿ ಬಿಡದಿದ್ದರೆ ರಾತ್ರಿ ಹೀಟರ್ ಆರಿಸಿದ ಮೇಲೆ ಅಷ್ಟೂ ನೀರು ಗೋಡೆಯ ತಣ್ಣನೆ ಮೂಲೆಯಲ್ಲಿ, ಬೀರುವಿನ ಹಿಂದೆ ಕೂರುತ್ತದೆ. ವಾರದಲ್ಲಿ ಬೂಷ್ಟು ಶುರು. ಹೀಗಾಗಿ ಬಟ್ಟೆಯನ್ನು ಸ್ಟ್ಯಾಂಡಿನ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಹೀಟರ್‌ನಿಂದ ಮೂರಡಿ ದೂರ ಇಟ್ಟು, ಸೀಲಿಂಗ್ ಫ್ಯಾನ್ ಒಂದನೇ ನಂಬರಿನಲ್ಲಿ ಬಿಟ್ಟು, ಗಾಳಿ ಹೊಡೆಯದ ಕಡೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆಯಿರಿ. ಸ್ವಲ್ಪ ಬಿಸಿ ಹೋಗುತ್ತದೆ, ಹೋಗಲಿ. ಬಟ್ಟೆಯನ್ನು ಫಿನ್‌ಗಳ ಮೇಲೆಯೇ ಹೊದಿಸುವುದು ಬಹಳ ಮನೆಗಳಲ್ಲಿ ಕಾಣುವ ತಪ್ಪು. ಬಿಸಿ ಹೊರಬರದೆ ಒಳಗಿನ ಥರ್ಮಲ್ ಕಟೌಟ್ ಹಾರುತ್ತದೆ, ಸಿಂಥೆಟಿಕ್ ಬಟ್ಟೆ ಅಂಟಿಕೊಳ್ಳುತ್ತದೆ, ಗ್ರಹಚಾರ ಕೆಟ್ಟರೆ ಬೆಂಕಿಯೂ ಹತ್ತೀತು. ಬರೀ ಬಟ್ಟೆ ಮತ್ತು ಬೂಷ್ಟೇ ನಿಮ್ಮ ತೊಂದರೆಯಾಗಿದ್ದು ಚಳಿ ತಡೆದುಕೊಳ್ಳಬಲ್ಲಿರಾದರೆ, ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ ಇದಕ್ಕಿಂತ ಸರಿಯಾದ ಯಂತ್ರ. ಬೆಲೆ ಜಾಸ್ತಿ, ಆದರೆ ಮುನ್ನೂರು ವ್ಯಾಟ್ ಆಸುಪಾಸಿನಲ್ಲಿ ನೀರನ್ನು ಹಿಡಿದು ಡಬ್ಬಿಗೆ ಇಳಿಸುತ್ತದೆ. ಯಾವುದೇ ಕೊಳ್ಳಿ, ಜೊತೆಗೆ ಗಾಳಿಯ ತೇವ ಅಳೆಯುವ ಒಂದು ಅಗ್ಗದ ಡಿಜಿಟಲ್ ಹೈಗ್ರೋಮೀಟರ್ ತನ್ನಿ. 60 ಪರ್ಸೆಂಟಿನ ಹತ್ತಿರ ಬಂದರೆ ಕೋಣೆ ಹಿತವಾಗಿದೆ ಎಂದರ್ಥ.

ಪೆಟ್ಟಿಗೆ ತೆರೆದ ದಿನದ ಕೆಲಸ. ಚಕ್ರ ಜೋಡಿಸಲು ಹೀಟರನ್ನು ಕಂಬಳಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಬೇಕು. ಒಂದು ಜೊತೆ ಚಕ್ರ ಗುಬ್ಬಿಯ ಪಕ್ಕದ ಮೊದಲ ಎರಡು ಫಿನ್‌ಗಳ ನಡುವೆ, ಇನ್ನೊಂದು ಆ ತುದಿಯ ಕೊನೆಯ ಎರಡರ ನಡುವೆ, ಯು ಆಕಾರದ ಕಂಬಿ ಹಾಕಿ ನಟ್ ಬಿಗಿಯುವುದು. ಎತ್ತಿ ನಿಲ್ಲಿಸಿದ ಕೂಡಲೇ ಸ್ವಿಚ್ ಹಾಕಬೇಡಿ. ಎಣ್ಣೆ ತಿರುಗಿ ತಳಕ್ಕಿಳಿದು ಕಾಯಿಲ್ ಮುಳುಗಲು ಒಂದು ಗಂಟೆ ಕೊಡಿ. ಎಣ್ಣೆಯಿಲ್ಲದ ಜಾಗದಲ್ಲಿ ಕಾಯಿಲ್ ಕೆಂಪಗೆ ಕಾದರೆ ಹೊಸ ಹೀಟರ್ ಅಲ್ಲಿಗೇ ಮುಗಿಯಿತು. ಜೀಪಿನಲ್ಲಿ ಮಲಗಿಸಿ ತೋಟಕ್ಕೆ ಒಯ್ದಾಗಲೂ ಇದೇ ನಿಯಮ. ಮೊದಲ ಸಲ ಜಗುಲಿಯಲ್ಲಿಟ್ಟು ಒಂದೆರಡು ಗಂಟೆ ಪೂರ್ತಿ ಬಿಸಿಯಲ್ಲಿ ಓಡಿಸಿ. ಬಣ್ಣದ ವಾಸನೆ ಅಲ್ಲಿಯೇ ಹೋಗಲಿ. ಟಕ್ ಟಕ್ ಎನ್ನುವುದು ತಗಡು ಹಿಗ್ಗುವ ಸದ್ದು, ಗುಳು ಗುಳು ಎಂದರೆ ಎಣ್ಣೆ ಅಲುಗುವ ಸದ್ದು. ಎರಡಕ್ಕೂ ಹೆದರಬೇಕಿಲ್ಲ.

ಹದ ಕೂರಿಸುವುದು ಹೀಗೆ: ಗುಬ್ಬಿಯನ್ನು ಕೊನೆಯವರೆಗೆ ತಿರುಗಿಸಿ, ಕೋಣೆ ಹಿತವಾದ ಮೇಲೆ ನಿಧಾನ ಹಿಂದಕ್ಕೆ ತಿರುಗಿಸುತ್ತ ಬನ್ನಿ. ‘ಕ್ಲಿಕ್’ ಎಂದು ಕೇಳಿ ದೀಪ ಆರಿದ ಕಡೆ ಬಿಡಿ. ಆಮೇಲೆ ಅದೇ ಹತ್ತುತ್ತದೆ, ಅದೇ ಆರುತ್ತದೆ. ದೀಪ ಆರಿದ್ದನ್ನು ನೋಡಿ ಕೆಟ್ಟಿತೆಂದು ಅಂಗಡಿಗೆ ಹೊತ್ತವರು ಇದ್ದಾರೆ.

ಚಕ್ರವಿದೆ ಎಂಬ ಜಾಹೀರಾತಿನ ಮಾತಿಗೆ ನಮ್ಮ ಮನೆಗಳಲ್ಲಿ ಅರ್ಥ ಕಡಿಮೆ. ಹಳೆಯ ಮನೆಯ ಹೊಸ್ತಿಲು ಎತ್ತರದ್ದು, ಹೀಟರ್ ಹತ್ತು ಕೆಜಿಗೂ ಮಿಕ್ಕಿ ತೂಗುತ್ತದೆ. ಪ್ರತಿ ಕೋಣೆಗೂ ಎತ್ತಿ ದಾಟಿಸಬೇಕು, ಬಿಸಿ ಇರುವಾಗ ಅದು ಆಗದ ಕೆಲಸ. ಒಂದು ಕೋಣೆಗೆ ಎಂದು ನಿರ್ಧರಿಸಿಯೇ ತನ್ನಿ. ಮಂಚದಿಂದ, ಪರದೆಯಿಂದ ಮೂರಡಿ ದೂರ. ಸಾಕೆಟ್ಟಿನ ನೇರ ಕೆಳಗೆ ಬೇಡ. ಬಚ್ಚಲಿಗೆ ಖಂಡಿತ ಬೇಡ. ಅಂಬೆಗಾಲಿಡುವ ಮಗು ಇದ್ದರೆ ಸುತ್ತ ಅಡ್ಡ ಕಟ್ಟಿ, ಫಿನ್ ಮುಟ್ಟಿದರೆ ಬೊಬ್ಬೆ ಏಳುತ್ತದೆ.

ಬೇರೆಯವುಗಳ ಬಗ್ಗೆ ಎರಡೇ ಮಾತು. ಫ್ಯಾನ್ ಹೀಟರ್ ಬೇಗ ಬಿಸಿಯಾಗುತ್ತದೆ, ಸ್ನಾನ ಮುಗಿಸಿ ಬಂದ ಮಗುವಿಗೆ ಹತ್ತು ನಿಮಿಷ ಹಚ್ಚಲು ಸರಿ. ರಾತ್ರಿಯಿಡೀ ಅದರ ಸದ್ದು ಸಹಿಸಲಾಗದು. ಹ್ಯಾಲೊಜೆನ್ ಎದುರಿಗೆ ಕೂತವರಿಗೆ ಮಾತ್ರ ಬಿಸಿ ಕೊಡುತ್ತದೆ, ಆದ್ದರಿಂದಲೇ ಮುಚ್ಚಿಗೆ ಇಲ್ಲದ ಹೆಂಚಿನ ಮನೆಗೆ ಅದು ಆಯಿಲ್ ಹೀಟರ್‌ಗಿಂತ ವಾಸಿ. ಕೆಂಡದ ಅಗ್ಗಿಷ್ಟಿಕೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಆಯಿಲ್ ಹೀಟರ್‌ಗೆ ಎಂಟು ಸಾವಿರ ಯಾಕೆ ಕೊಡಬೇಕು ಎಂದು ಕೇಳುವವರಿಗೆ ನಾವು ಕೊಡುವ ಮೊದಲ ಉತ್ತರ ಇದೇ.

ಕೊಳ್ಳುವಾಗ ಐಎಸ್‌ಐ ಗುರುತು, ದಪ್ಪ ಪಿನ್ನಿನ 16 ಆಂಪ್ಸ್ ಪ್ಲಗ್, ಬಿದ್ದರೆ ಆಫ್ ಆಗುವ ಸ್ವಿಚ್ ನೋಡಿ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಹಾಸನದ ಬಿ.ಎಂ. ರಸ್ತೆಯಲ್ಲೋ ಅಂಗಡಿಯವರೇ ಬದಲಾಯಿಸಿಕೊಡುವ ಒಪ್ಪಂದ ಸಿಕ್ಕರೆ ಆನ್‌ಲೈನ್‌ಗಿಂತ ಐನೂರು ಹೆಚ್ಚಾದರೂ ಪರವಾಗಿಲ್ಲ, ಏಕೆಂದರೆ ಇಷ್ಟು ಭಾರದ ವಸ್ತುವನ್ನು ಪಾರ್ಸೆಲ್ ಮಾಡಿ ವಾಪಸ್ ಕಳಿಸುವುದು ಕಷ್ಟ. ಫಿನ್‌ಗಳ ತಳದಲ್ಲಿ ಎಣ್ಣೆಯ ಜಿಡ್ಡು ಕಂಡರೆ ಬೆಸುಗೆಯಲ್ಲಿ ತೂತು ಬಿದ್ದಿದೆ ಎಂದೇ ಲೆಕ್ಕ. ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಒಳಗಿನ ಎಣ್ಣೆಯ ಅಳತೆ, ಹಿಗ್ಗಲು ಬಿಟ್ಟ ಜಾಗ ಎರಡೂ ಕಂಪನಿಯ ಲೆಕ್ಕದ್ದು. ವಾರಂಟಿಯಲ್ಲಿ ಬದಲಾಯಿಸಿಕೊಳ್ಳಿ, ಇಲ್ಲವೇ ಬಿಟ್ಟುಬಿಡಿ.

ಬೇಸಿಗೆಯಲ್ಲಿ ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಹಾಕಬೇಡಿ, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಹಳೆಯ ಕಾಟನ್ ಸೀರೆ ಹೊದಿಸಿ ನೇರವಾಗಿ ನಿಲ್ಲಿಸಿ, ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿ. ಹಾಗೆ ಮಾಡದೆ ಬಿಟ್ಟಿದ್ದು ಮಳೆಗಾಲದಲ್ಲಿ ಮೊದಲ ಸಲ ಹಾಕಿದಾಗ, ಕರೆಂಟ್ ಸೋರಿದರೆ ಲೈನು ಕಡಿಯುವ ಆರ್‌ಸಿಸಿಬಿ ಟ್ರಿಪ್ ಆದರೆ, ಕಾಯಿಲ್‌ನ ಇನ್ಸುಲೇಶನ್ ಥಂಡಿ ಎಳೆದು ಅರ್ಥ್‌ಗೆ ಸೋರಿಕೆಯಾಗುತ್ತಿರುವ ಸಾಧ್ಯತೆ ಹೆಚ್ಚು. ಎರಡು ದಿನ ಒಣ ಜಾಗದಲ್ಲಿಟ್ಟು ಮತ್ತೆ ನೋಡಿ. ಆಗಲೂ ಟ್ರಿಪ್ ಆದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಆರ್‌ಸಿಸಿಬಿ ತಪ್ಪಿಸಿ ಓಡಿಸಲು ಯಾರು ಹೇಳಿದರೂ ಒಪ್ಪಬೇಡಿ.